ಮಾರಿದ ಕಾರು, ಉಳಿದ ಹೆಸರು



ಘಾಟಿ ಸುಬ್ರಹ್ಮಣ್ಯದಂಥ ದನಗಳ ಜಾತ್ರೆ ನೋಡಿದವರಿಗೆ ಈ ನೋಟ ಹೊಸದಲ್ಲ. ದಲ್ಲಾಳಿಯೂ ಕೊಳ್ಳುವವನೂ ಕೈಗೆ ಕೈ ಕೊಟ್ಟು ಮೇಲೊಂದು ಟವೆಲ್ ಹೊದಿಸಿಕೊಳ್ಳುತ್ತಾರೆ. ಬಾಯಲ್ಲಿ ಮಾತಿಲ್ಲ, ಬೆರಳು ಬೆರಳೇ ದರ ಹೇಳುತ್ತದೆ. ಸುತ್ತ ನಿಂತವರಿಗೆ, ಎಷ್ಟೋ ಸಲ ಎತ್ತಿನ ಯಜಮಾನನಿಗೂ, ಒಳಗೆ ನಡೆದದ್ದೇನು ಎಂದು ತಿಳಿಯುವುದು ಟವೆಲ್ ಸರಿಸಿದ ಮೇಲೆಯೇ. ಹಳೆಯ ಕಾರನ್ನು ಮೊಬೈಲಿನಲ್ಲಿ ಮಾರುವ ಈಗಿನ ಪದ್ಧತಿಯೂ ಅಂಥದ್ದೇ. ಟವೆಲ್ ಇರುವ ಜಾಗದಲ್ಲಿ ಈಗ ಮೊಬೈಲಿನ ಪರದೆ ಇದೆ.

ಮನೆ ಮುಂದೆ ಧೂಳು ತಿನ್ನುತ್ತಾ ನಿಂತ ಕಾರನ್ನು ಆನ್‌ಲೈನ್ ಕಂಪನಿಗೆ ಕೊಡುವಾಗ ಏನಾಗುತ್ತದೆ, ಎಲ್ಲಿ ಮೈಮರೆಯಬಾರದು ಎಂಬುದು ಇವತ್ತಿನ ಮಾತು. ಈ ಕಂಪನಿಗಳನ್ನು ಹೊಗಳಲಿಕ್ಕೂ ಬಂದಿಲ್ಲ, ತೆಗಳಲಿಕ್ಕೂ ಬಂದಿಲ್ಲ. ನೆಂಟರಿಷ್ಟರಲ್ಲಿ, ಅಕ್ಕಪಕ್ಕದವರಲ್ಲಿ ಯಾರು ಗಾಡಿ ಮಾರಿದರೂ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನೋಡುವ ಚಟ ನನಗಿದೆ. ಹಾಗೆ ನೋಡಿದ್ದಕ್ಕೆ ಕಾನೂನಿನಲ್ಲಿ ಓದಿದ್ದನ್ನೂ ಸೇರಿಸಿ ಹೇಳುತ್ತೇನೆ.

ಹಿಂದೆ ಕಾರು ಮಾರಬೇಕಾದರೆ ಭಾನುವಾರದ ಪತ್ರಿಕೆಯಲ್ಲಿ ಮೂರು ಸಾಲಿನ ವರ್ಗೀಕೃತ ಜಾಹೀರಾತು ಕೊಡುತ್ತಿದ್ದೆವು. ಇಲ್ಲವಾದರೆ ಗ್ಯಾರೇಜಿನವನ ಕಿವಿಗೆ ಹಾಕುತ್ತಿದ್ದೆವು. ಅದೂ ಆಗದಿದ್ದರೆ ಊರಿಗೊಂದು ಆಟೋ ಕನ್ಸಲ್ಟಿಂಗ್ ಅಂಗಡಿ ಇದ್ದೇ ಇತ್ತು. ಬಂದವರಲ್ಲಿ ಅರ್ಧ ಜನ ಬಾನೆಟ್ ಎತ್ತಿ, ತಲೆ ಅಲ್ಲಾಡಿಸಿ, ಕಾಫಿ ಕುಡಿದು ಹೋಗುತ್ತಿದ್ದರು. ಮಾರುತಿ ಕಂಪನಿ 2001ರಲ್ಲಿ ಟ್ರೂ ವ್ಯಾಲ್ಯೂ ಮಳಿಗೆಗಳನ್ನು ತೆರೆದಾಗ ಹಳೆಯ ಕಾರಿನ ವ್ಯಾಪಾರಕ್ಕೆ ದೊಡ್ಡ ಕಂಪನಿಯ ಬೋರ್ಡು ಬಂತು. ಮೊಬೈಲಿನಲ್ಲೇ ಕೆಲಸ ಮುಗಿಸುವ ಕಾರ್ಸ್24, ಸ್ಪಿನ್ನಿ ಎರಡೂ 2015ರಲ್ಲಿ ಶುರುವಾದವು. ಈಗ ಬೆಂಗಳೂರು, ಮೈಸೂರಿನವರಿಗೆ ಗಾಡಿ ಮಾರುವ ಯೋಚನೆ ಬಂದ ಕೂಡಲೇ ಕೈ ಹೋಗುವುದು ಮೊಬೈಲಿಗೆ.

ಹೊರಗಿನಿಂದ ಒಂದೇ ತರಹ ಕಂಡರೂ ಈ ಕಂಪನಿಗಳಲ್ಲಿ ಎರಡು ಜಾತಿ. ಒಂದು ಜಾತಿಯವರು ನಿಮ್ಮ ಕಾರಿನ ಫೋಟೋ, ವಿವರಗಳನ್ನು ದೇಶದ ಬೇರೆ ಬೇರೆ ಊರಿನ ಡೀಲರುಗಳ ಮುಂದೆ ಇಟ್ಟು ಹರಾಜು ಹಾಕುತ್ತಾರೆ. ಹೆಚ್ಚಿಗೆ ಕೂಗಿದವನ ದರದಲ್ಲಿ ತಮ್ಮ ಪಾಲು ಮುರಿದುಕೊಂಡು ಉಳಿದದ್ದನ್ನು ನಿಮಗೆ ಹೇಳುತ್ತಾರೆ. ಇನ್ನೊಂದು ಜಾತಿಯವರು ತಾವೇ ಕೊಂಡು, ತಮ್ಮ ವರ್ಕ್‌ಶಾಪಿನಲ್ಲಿ ಸರಿಪಡಿಸಿ, ತಾವೇ ಇನ್ನೊಬ್ಬರಿಗೆ ಮಾರುತ್ತಾರೆ. ಎರಡನ್ನೂ ಮಾಡುವವರೂ ಇದ್ದಾರೆ. ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಹರಾಜಿನಲ್ಲಿ ಹೋದರೆ ನಿಮ್ಮ ಗಾಡಿ ಕೊನೆಗೆ ಸೇರುವುದು ನೀವು ಮುಖ ನೋಡದ ಒಬ್ಬ ಡೀಲರಿನ ಅಂಗಳಕ್ಕೆ, ಅಲ್ಲಿಂದ ಇನ್ನಾರದೋ ಮನೆಗೆ. ಇದರಿಂದ ಆಗುವ ಪರಿಣಾಮ ಏನೆಂದು ಮುಂದೆ ಹೇಳುತ್ತೇನೆ, ಈ ಭಾಷಣದ ತಿರುಳು ಅದೇ.

ನೀವು ಕಾರಿನ ನಂಬರು ಒತ್ತಿದ ಕೂಡಲೇ ಸಾರಿಗೆ ಇಲಾಖೆಯ ‘ವಾಹನ್’ ದಾಖಲೆಯಿಂದ ಗಾಡಿಯ ಜಾತಕ ಬಿಚ್ಚಿಕೊಳ್ಳುತ್ತದೆ. ಯಾವ ಮಾಡೆಲ್, ಯಾವ ಇಂಧನ, ನೋಂದಣಿಯಾದ ದಿನ, ನೀವು ಎಷ್ಟನೆಯ ಓನರ್, ಬ್ಯಾಂಕಿನ ಸಾಲ ಇದೆಯೋ ಇಲ್ಲವೋ ಎಲ್ಲ ಅದರಲ್ಲಿದೆ. ಪರದೆಯ ಮೇಲೆ ಒಂದು ಅಂದಾಜು ಬೆಲೆ ಮೂಡುತ್ತದೆ, ‘ಎರಡು ಮುಕ್ಕಾಲರಿಂದ ಮೂರೂಕಾಲು ಲಕ್ಷ’ ಎಂದು. ಮನುಷ್ಯನ ಸ್ವಭಾವ, ಮನಸ್ಸಿನಲ್ಲಿ ಕೂರುವುದು ಮೂರೂಕಾಲು. ಎರಡು ಮುಕ್ಕಾಲು ಕಣ್ಣಿಗೇ ಬೀಳುವುದಿಲ್ಲ. ಮಾರನೆಯ ದಿನದಿಂದ ಫೋನು ಬರುತ್ತದೆ. “ಸರ್, ಗಾಡಿ ಮಾರೋ ಪ್ಲ್ಯಾನ್ ಇದೆಯಾ? ಇನ್ಸ್‌ಪೆಕ್ಷನ್‌ಗೆ ಯಾವಾಗ ಕಳಿಸಲಿ?” ನೀವು ಆ ಪ್ಲ್ಯಾನ್ ಬಿಟ್ಟ ಮೇಲೂ ಆ ಫೋನು ಬರುತ್ತಲೇ ಇರುತ್ತದೆ, ಅದು ಬೇರೆ ಮಾತು.

ರಾಜಾಜಿನಗರದಲ್ಲಿ ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ವ್ಯಾಗನ್ ಆರ್ ಮಾರಲು ಹೊರಟಾಗ ಇನ್ಸ್‌ಪೆಕ್ಷನ್‌ಗೆ ಬಂದ ಹುಡುಗನನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ. ಸ್ಕೂಟರಿನಲ್ಲಿ ಬಂದ. ಬೆನ್ನಿಗೊಂದು ಚೀಲ, ಕೈಯಲ್ಲಿ ಟ್ಯಾಬ್. ಚೀಲದಿಂದ ಟಾರ್ಚಿನಷ್ಟು ದೊಡ್ಡ ಒಂದು ಉಪಕರಣ ತೆಗೆದು ಬಾಗಿಲು, ಬಾನೆಟ್, ಮಡ್ಗಾರ್ಡ್ ಒಂದೊಂದಕ್ಕೂ ಒತ್ತಿ ಒತ್ತಿ ನೋಡಿದ. ಬಣ್ಣದ ದಪ್ಪ ಅಳೆಯುವ ಮೀಟರು ಅದು. ಕಾರ್ಖಾನೆಯ ಬಣ್ಣ ತೆಳ್ಳಗೆ ಒಂದೇ ಸಮನಾಗಿರುತ್ತದೆ, ಗ್ಯಾರೇಜಿನ ಬಣ್ಣ ದಪ್ಪ, ಒಳಗೆ ಪುಟ್ಟಿ ಮೆತ್ತಿದ್ದರೆ ಇನ್ನೂ ದಪ್ಪ. ಎಡಗಡೆಯ ಹಿಂಬಾಗಿಲ ಹತ್ತಿರ ನಿಂತ.

“ಸರ್, ಇದು ರೀಪೇಂಟ್ ಆಗಿದೆ.”

“ಇಲ್ಲಪ್ಪಾ, ಸ್ವಲ್ಪ ಟಚಪ್ ಅಷ್ಟೇ. ಗೇಟಿಗೆ ತಾಗಿತ್ತು.”

“ಪೂರ್ತಿ ಪ್ಯಾನೆಲ್ ಸರ್,” ಎಂದವನೇ ಟ್ಯಾಬ್‌ನಲ್ಲಿ ಗುರುತು ಹಾಕಿಕೊಂಡ. ಮೇಷ್ಟ್ರು ಸುಮ್ಮನಾದರು.

ಆಮೇಲೆ ಬಾಗಿಲ ಚೌಕಟ್ಟಿನ ರಬ್ಬರ್ ಬೀಡಿಂಗನ್ನು ಬೆರಳಲ್ಲಿ ಕಿತ್ತು ಸರಿಸಿದ. ಅಲ್ಲಿ ಸಾಲಾಗಿ ಗುಂಡಗಿನ ವೆಲ್ಡಿಂಗ್ ಚುಕ್ಕೆಗಳಿರುತ್ತವೆ. ಆ ಸಾಲು ನೆಟ್ಟಗಿದ್ದರೆ ಗಾಡಿ ದೊಡ್ಡ ಪೆಟ್ಟು ತಿಂದಿಲ್ಲ ಎಂದು ಲೆಕ್ಕ. ನೆಲದ ಕಾರ್ಪೆಟ್ ಎತ್ತಿ, ಸೀಟಿನ ಕಂಬಿಯಲ್ಲಿ ತುಕ್ಕು ಇದೆಯೇ, ಕೆಸರಿನ ಗೆರೆ ಇದೆಯೇ ಎಂದು ಟಾರ್ಚ್ ಬಿಟ್ಟು ನೋಡಿದ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರಿನ ಕಡೆ ನೆಲಮಾಳಿಗೆಗಳಲ್ಲಿ ಕಾರುಗಳು ಮುಳುಗಿದ ಮೇಲೆ ಬೆಂಗಳೂರಿನ ಗಾಡಿಗೆ ಈ ಪರೀಕ್ಷೆ ತಪ್ಪಿದ್ದಲ್ಲ. ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕಿ ಇರುತ್ತದೆ, 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಸ್ಟೆಪ್ನಿಯದನ್ನೂ ಬಿಡದೆ ಓದಿಕೊಂಡ. ಎಲ್ಲ ಗಾಜುಗಳ ಮೂಲೆಯ ಗುರುತು ಒಂದೇ ಇದೆಯೇ ಎಂದು ಹೋಲಿಸಿದ, ಒಂದು ಬೇರೆಯಾಗಿದ್ದರೆ ಆ ಗಾಜು ಯಾಕೆ ಒಡೆಯಿತು ಎಂಬ ಪ್ರಶ್ನೆ ಹುಟ್ಟುತ್ತದೆ. ಎಂಜಿನ್ ಚಾಲೂ ಇಟ್ಟು ಆಯಿಲ್ ಮುಚ್ಚಳ ತೆಗೆದು ಅಂಗೈ ಅಡ್ಡ ಹಿಡಿದ. ಅಲ್ಲಿಂದ ಹೊಗೆ ಬುಸುಗುಟ್ಟಿದರೆ ಎಂಜಿನ್ ಸವೆದಿದೆ ಎಂದರ್ಥ. ಕೊನೆಗೆ ಸ್ಟಿಯರಿಂಗ್ ಕೆಳಗಿನ ಕಿಂಡಿಗೆ ಒಂದು ಸ್ಕ್ಯಾನರ್ ಚುಚ್ಚಿದ. ಗಾಡಿಯ ಕಂಪ್ಯೂಟರ್ ತನ್ನ ರೋಗಗಳ ಪಟ್ಟಿಯನ್ನು ತಾನೇ ಒಪ್ಪಿಸಿತು. ಮೇಷ್ಟ್ರು ನನ್ನ ಕಿವಿಯಲ್ಲಿ, “ನಾನು ಪಿಎಚ್‌ಡಿ ಮಾಡುವಾಗಲೂ ಇಷ್ಟು ಪರೀಕ್ಷೆ ಮಾಡಲಿಲ್ಲ ಮಾರಾಯ,” ಅಂದರು.

ಇಷ್ಟೆಲ್ಲ ಯಾಕೆ? ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರಲ್ಲಿ ಒಂದು ಪ್ರಬಂಧ ಬರೆದರು, ವಿಷಯ ಹಳೆಯ ಕಾರಿನ ಪೇಟೆ. ಮಾರುವವನಿಗೆ ಗಾಡಿಯ ಒಳಗುಟ್ಟು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲ ಗಾಡಿಯನ್ನೂ ಅನುಮಾನದಿಂದ ನೋಡಿ ಕಡಿಮೆ ಬೆಲೆ ಕೇಳುತ್ತಾನೆ, ಆ ಬೆಲೆಗೆ ಒಳ್ಳೆಯ ಗಾಡಿಯವನು ಮಾರಲು ಒಪ್ಪುವುದಿಲ್ಲ, ಪೇಟೆಯಲ್ಲಿ ಉಳಿಯುವುದು ಕೆಟ್ಟ ಗಾಡಿ ಎಂಬುದು ಅವರ ವಾದ. 2001ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಾಗ ಈ ಪ್ರಬಂಧದ ಹೆಸರು ಎಲ್ಲರ ಬಾಯಲ್ಲೂ ಇತ್ತು. ಮೀಟರು, ಸ್ಕ್ಯಾನರು ಹಿಡಿದು ಬರುವ ಈ ಹುಡುಗ ಅಕೆರ್ಲಾಫ್ ಹೇಳಿದ ಸಮಸ್ಯೆಗೆ ಕಂಪನಿಗಳು ಕಂಡುಕೊಂಡ ಉತ್ತರ. ಆದರೆ ನನಗೆ ಕಾಣುವುದು ಇಷ್ಟು: ಲೆಕ್ಕ ಈಗ ತಿರುಗಾಮುರುಗಾ ಆಗಿದೆ. ಗಾಡಿಯ ಗುಟ್ಟು ಒಂದು ಗಂಟೆಯಲ್ಲಿ ಅವರಿಗೆ ಗೊತ್ತಾಯಿತು. ಅದೇ ಮಾಡೆಲಿಗೆ ಎಲ್ಲೆಲ್ಲಿ ಎಷ್ಟು ದರ ನಡೆಯುತ್ತಿದೆ, ಯಾವ ಊರಿನ ಡೀಲರ್ ಎಷ್ಟು ಕೂಗಿದ ಎಂಬುದೂ ಅವರಿಗೇ ಗೊತ್ತು. ಈಗ ಕತ್ತಲಲ್ಲಿ ಇರುವವನು ಮಾರುವವನು.

ಬೆಲೆ ಹೇಳುವ ಫೋನು ಸಾಮಾನ್ಯವಾಗಿ ಅಂದೇ ಬರುತ್ತದೆ. ಅಂದಾಜಿಗಿಂತ ಕಡಿಮೆ ಇರುತ್ತದೆ. ರೀಪೇಂಟ್, ಟೈರ್, ಸಸ್ಪೆನ್ಷನ್ ಸದ್ದು ಎಂದು ಪಟ್ಟಿ ಓದುತ್ತಾರೆ. “ಈ ರೇಟು ಇವತ್ತು ರಾತ್ರಿವರೆಗೆ ಮಾತ್ರ ಸರ್.” ಈ ಒಂದು ವಾಕ್ಯಕ್ಕೆ ಎಷ್ಟೋ ಜನ ಬೆದರಿ ‘ಹೂಂ’ ಎನ್ನುತ್ತಾರೆ. ಬೆದರಬೇಕಾಗಿಲ್ಲ. ಇವತ್ತು ಬೇಕಾದ ಗಾಡಿ ಮುಂದಿನ ವಾರವೂ ಬೇಕಾಗಿಯೇ ಇರುತ್ತದೆ. ಇನ್ನೂ ಬೇಸರದ ಸಂಗತಿ ಕೊನೆಯ ಗಳಿಗೆಯದು. ನನ್ನ ಸೋದರತ್ತೆಯ ಮಗನ ವಿಷಯದಲ್ಲಿ, ಒಪ್ಪಿದ ಬೆಲೆ ಒಂದು, ಗಾಡಿ ಒಯ್ಯಲು ಬಂದವರು ಮನೆ ಬಾಗಿಲಲ್ಲಿ ನಿಂತು ಹೇಳಿದ ಬೆಲೆ ಇನ್ನೊಂದು. “ಕ್ಲಚ್ ಹಾರ್ಡ್ ಇದೆ ಸರ್, ಹದಿನೈದು ಕಡಿಮೆ ಮಾಡಿಕೊಳ್ಳಿ.” ಹೊಸ ಕಾರು ಷೋರೂಮಿನಲ್ಲಿ ಪೂಜೆಗೆ ಕಾದಿರುವಾಗ ಹಳೆಯದನ್ನು ಹಿಂದಕ್ಕೆ ಇಟ್ಟುಕೊಳ್ಳುವವರು ಯಾರು? ಅವನು ಒಪ್ಪಿದ. ಆ ಕಂಪನಿ ಯಾವುದು ಎಂದು ಇಲ್ಲಿ ಹೇಳುವುದಿಲ್ಲ, ಬೇರೆಯವರೂ ಇದೇ ಆಟ ಆಡಿದ್ದನ್ನು ಕೇಳಿದ್ದೇನೆ. ಇದಕ್ಕೆ ಮದ್ದು ಒಂದೇ: ಒಪ್ಪಿದ ಬೆಲೆಯನ್ನು ಇಮೇಲಿನಲ್ಲೋ ಆಪಿನಲ್ಲೋ ಬರಹದಲ್ಲಿ ತರಿಸಿಕೊಂಡಿರಬೇಕು, ಮತ್ತು ‘ಬೇಡ, ಹೋಗಿ’ ಎನ್ನುವಷ್ಟು ಪುರುಸೊತ್ತು ಇಟ್ಟುಕೊಂಡಿರಬೇಕು. ಹೊಸ ಕಾರಿನ ಡೆಲಿವರಿಗೆ ಮುಹೂರ್ತ ಇಟ್ಟ ಮೇಲೆ ಹಳೆಯದನ್ನು ಮಾರಲು ಕೂತವನಿಗೆ ಆ ಧೈರ್ಯ ಇರುವುದಿಲ್ಲ.

ಸರಿಯಾದ ಬೆಲೆ ಯಾವುದೆಂದು ತಿಳಿಯಲು ಒಂದು ಸುಲಭ ದಾರಿಯಿದೆ. ಅದೇ ಕಂಪನಿಯ ಆಪಿನಲ್ಲಿ ಕೊಳ್ಳುವವನ ಹಾಗೆ ಒಳಗೆ ಹೋಗಿ. ನಿಮ್ಮದೇ ಮಾಡೆಲ್, ನಿಮ್ಮದೇ ಇಸವಿ, ಹೆಚ್ಚುಕಡಿಮೆ ನಿಮ್ಮಷ್ಟೇ ಓಡಿದ ಗಾಡಿಯನ್ನು ಅವರು ಎಷ್ಟಕ್ಕೆ ಮಾರುತ್ತಿದ್ದಾರೆ ನೋಡಿ. ಆ ಬೆಲೆಯಲ್ಲಿ ರಿಪೇರಿ ಖರ್ಚು, ಅವರ ಲಾಭ, ಜಿಎಸ್‌ಟಿ ಎಲ್ಲ ಸೇರಿದೆ. ಜಿಎಸ್‌ಟಿ ವಿಷಯದಲ್ಲಿ ಒಂದು ಗೊಂದಲ ಬಗೆಹರಿಸಬೇಕು. 2024ರ ಡಿಸೆಂಬರ್ 21ರಂದು ಜೈಸಲ್ಮೇರಿನಲ್ಲಿ ಸೇರಿದ ಜಿಎಸ್‌ಟಿ ಮಂಡಳಿ ಹಳೆಯ ಕಾರುಗಳಿಗೆ 18 ಪರ್ಸೆಂಟ್ ಎಂದು ನಿರ್ಧರಿಸಿದಾಗ, ಮನೆಯ ಕಾರು ಮಾರಿದರೂ ತೆರಿಗೆ ಕಟ್ಟಬೇಕು ಎಂದು ವಾಟ್ಸಾಪಿನಲ್ಲಿ ಗುಲ್ಲೆದ್ದಿತು. ಹಾಗಲ್ಲ. ಅದು ನೋಂದಾಯಿತ ವ್ಯಾಪಾರಿಗೆ, ಅದೂ ಅವನ ಲಾಭದ ಮೊತ್ತದ ಮೇಲೆ ಮಾತ್ರ. ನೀವು ಸ್ವಂತ ಬಳಕೆಯ ಕಾರು ಮಾರಿದರೆ ಜಿಎಸ್‌ಟಿಯೂ ಇಲ್ಲ, ಅದು ವೈಯಕ್ತಿಕ ವಸ್ತುವಾದ್ದರಿಂದ ಬಂಡವಾಳ ಲಾಭದ ತೆರಿಗೆಯೂ ಇಲ್ಲ. ಆದರೆ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಹಣವನ್ನು ನಗದಾಗಿ ಪಡೆಯುವುದನ್ನು ಕಾನೂನು 2017ರಿಂದಲೇ ತಡೆದಿದೆ. ಹಣ ಬ್ಯಾಂಕಿಗೇ ಬರಲಿ.

ಬೆಲೆಗೆ ಇನ್ನೊಂದು ಪೆಟ್ಟು 2025ರ ಸೆಪ್ಟೆಂಬರ್ 22ರಂದು ಬಿತ್ತು. ಅಂದಿನಿಂದ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಹೊಸದೇ ಅಗ್ಗವಾದ ಮೇಲೆ ಹಳೆಯದನ್ನು ಹಳೆಯ ದರಕ್ಕೆ ಕೊಳ್ಳುವವರು ಯಾರು? ‘ಪಕ್ಕದ ಮನೆಯವರಿಗೆ ಹೋದ ವರ್ಷ ನಾಲ್ಕು ಸಿಕ್ಕಿತ್ತು’ ಎಂಬ ಲೆಕ್ಕ ಈಗ ನಡೆಯುವುದಿಲ್ಲ. ಗಾಡಿಗೆ 15 ವರ್ಷ ಹತ್ತಿರ ಬಂದಿದ್ದರಂತೂ ಆಸೆಯನ್ನು ಇನ್ನಷ್ಟು ಇಳಿಸಿಕೊಳ್ಳಿ. ಮರುನೋಂದಣಿಯ ಶುಲ್ಕ 2022ರ ಏಪ್ರಿಲಿನಿಂದ 600 ರೂಪಾಯಿ ಹೋಗಿ 5000 ಆಗಿದೆ, ಅದರ ಮೇಲೆ ಗ್ರೀನ್ ಟ್ಯಾಕ್ಸ್, ಎಫ್‌ಸಿ ಅಲೆದಾಟ. ಇಂಥ ಗಾಡಿಯನ್ನು ಆನ್‌ಲೈನ್ ಕಂಪನಿಗಿಂತ ಊರಿನ ಕನ್ಸಲ್ಟಿಂಗಿನವರೇ ಒಳ್ಳೆಯ ಬೆಲೆಗೆ ಕೊಳ್ಳುವುದುಂಟು.

ಮಾರುವ ಮುಂಚೆ ಬಣ್ಣ ಹೊಡೆಸಿ, ಹೊಸ ಟೈರ್ ಹಾಕಿಸುವವರನ್ನು ಕಂಡರೆ ನನಗೆ ಅಯ್ಯೋ ಅನಿಸುತ್ತದೆ. ಹಾಕಿದ ದುಡ್ಡು ಬೆಲೆಯಲ್ಲಿ ವಾಪಸ್ ಬರುವುದು ಅಪರೂಪ. ಹೊಸ ಬಣ್ಣ ಮೀಟರಿನಲ್ಲಿ ಸಿಕ್ಕಿಬೀಳುತ್ತದೆ, ‘ಏನೋ ಮುಚ್ಚಿಟ್ಟಿದ್ದಾರೆ’ ಎಂಬ ಅನುಮಾನ ಬೇರೆ. ತೊಳೆದು, ಒಳಗಿನ ಕಸ ತೆಗೆದು, ಸರ್ವಿಸ್ ಬಿಲ್ಲುಗಳನ್ನೂ ಎರಡನೆಯ ಕೀಲಿಯನ್ನೂ ಹುಡುಕಿ ಇಟ್ಟರೆ ಸಾಕು. ಎರಡನೆಯ ಕೀಲಿ ಇಲ್ಲ ಎಂದು ಸಾವಿರಾರು ರೂಪಾಯಿ ಮುರಿಯುತ್ತಾರೆ. ಬಾಕಿ ಇರುವ ಟ್ರಾಫಿಕ್ ದಂಡವನ್ನು ಮೊದಲೇ ನೋಡಿ ಕಟ್ಟಿಬಿಡಿ. 2023ರ ಫೆಬ್ರವರಿಯಲ್ಲಿ ಸರ್ಕಾರ ಅರ್ಧ ರಿಯಾಯಿತಿ ಕೊಟ್ಟಾಗ ಬೆಂಗಳೂರಿನವರು ದಂಡ ಕಟ್ಟಲು ಸಾಲು ನಿಂತರಲ್ಲ, ಆಗ ಎಷ್ಟೋ ಜನಕ್ಕೆ ತಮ್ಮ ಗಾಡಿಯ ಮೇಲೆ ಇಷ್ಟು ದಂಡ ಇದೆ ಎಂದು ಗೊತ್ತಾದದ್ದೇ ಮೊದಲು. 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ಗಾಡಿಗೆ ಎಚ್‌ಎಸ್‌ಆರ್‌ಪಿ ಫಲಕ ಹಾಕಿಸಿರಬೇಕು. ಅದಿಲ್ಲದೆ ಮಾಲೀಕತ್ವ ವರ್ಗಾವಣೆಯಂಥ ಕೆಲಸ ಆರ್‌ಟಿಒದಲ್ಲಿ ಆಗುವುದಿಲ್ಲ ಎಂದು ರಾಜ್ಯದ ಅಧಿಸೂಚನೆ ಹೇಳಿದೆ.

ಸಾಲದ ಗಾಡಿಯಾದರೆ ಇನ್ನೊಂದು ತೊಡಕು. ಕಂತು ತೀರಿ ಎಷ್ಟೋ ವರ್ಷವಾಗಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಕೂತಿರುತ್ತದೆ. ಬ್ಯಾಂಕಿನ ಎನ್‌ಒಸಿ ಮತ್ತು 35ನೇ ನಮೂನೆ ಹಿಡಿದು ಹೋಗಿ ಎಚ್‌ಪಿ, ಅಂದರೆ ಆ ಸಾಲದ ನಮೂದನ್ನು, ಕ್ಯಾನ್ಸಲ್ ಮಾಡಿಸಬೇಕಾದವರು ನಾವು, ಬ್ಯಾಂಕಿನವರು ಮಾಡುವುದಿಲ್ಲ. ‘ನಾವೇ ಮಾಡಿಸುತ್ತೇವೆ’ ಎಂದು ಕಂಪನಿ ಹೇಳುತ್ತದೆ, ಮಾಡಿಸುತ್ತದೆ ಕೂಡ. ಆದರೆ ಅಷ್ಟರವರೆಗೆ ನಿಮ್ಮ ಹಣದಲ್ಲಿ ಒಂದು ಭಾಗವನ್ನು ತಡೆಹಿಡಿಯುತ್ತದೆ.

ಇನ್ನು ತಿರುಳಿಗೆ ಬರುತ್ತೇನೆ. ಎಲ್ಲರ ಕಣ್ಣೂ ಬೆಲೆಯ ಮೇಲೆ. ಹತ್ತು ಸಾವಿರಕ್ಕೆ ಎರಡು ದಿನ ಚೌಕಾಶಿ ಮಾಡುವವರು ಮಾಲೀಕತ್ವ ವರ್ಗಾವಣೆಯ 29 ಮತ್ತು 30ನೇ ನಮೂನೆಗಳಿಗೆ ಎರಡು ನಿಮಿಷದಲ್ಲಿ ಸಹಿ ಹಾಕಿ, ಕೊಳ್ಳುವವನ ಹೆಸರಿನ ಜಾಗ ಖಾಲಿ ಬಿಟ್ಟು ಕೊಟ್ಟುಬಿಡುತ್ತಾರೆ. ಓಪನ್ ಫಾರಂ ಎಂದು ಇದಕ್ಕೆ ವ್ಯಾಪಾರದಲ್ಲಿ ಹೆಸರು. ಬ್ಯಾಂಕಿಗೆ ಹಣ ಬಂತು, ಗಾಡಿ ಹೋಯಿತು, ಮುಗಿಯಿತು ಎಂದುಕೊಳ್ಳುತ್ತೇವೆ. ಮುಗಿದಿಲ್ಲ. ಬೆಲೆಯಲ್ಲಿ ಸೋತರೆ ಹತ್ತು ಸಾವಿರ ಹೋಗುತ್ತದೆ, ಹೆಸರಿನಲ್ಲಿ ಸೋತರೆ ಮನೆಮಠ ಅಡವಿಡುವ ಪಾಡು ಬರಬಹುದು.

ಸುಪ್ರೀಂ ಕೋರ್ಟಿನ ಮುಂದೆ ಬಂದ ಒಂದು ಪ್ರಕರಣ ಕೇಳಿ. 2007ರಲ್ಲಿ ಒಬ್ಬರು ತಮ್ಮ ಕಾರನ್ನು ಮಾರಿದರು. ಕೊಂಡವರು ಇನ್ನೊಬ್ಬರಿಗೆ ಕೊಟ್ಟರು, ಅವರು ಮತ್ತೊಬ್ಬರಿಗೆ. ಆರ್‌ಸಿಯಲ್ಲಿ ಹೆಸರು ಮಾತ್ರ ಮೊದಲಿನವರದೇ ಉಳಿಯಿತು. 2009ರ ಮೇ ತಿಂಗಳಲ್ಲಿ ಆ ಕಾರು ಹಿಂದಕ್ಕೆ ಬರುತ್ತಾ ದಾರಿಹೋಕರಿಗೆ ಬಡಿದು ಒಬ್ಬರ ಪ್ರಾಣ ಹೋಯಿತು. ಪರಿಹಾರ ಯಾರು ಕೊಡಬೇಕು? ಕಾರು ಆಗ ಯಾರ ಕೈಯಲ್ಲಿತ್ತೋ ಅವರು ಎಂದು ನಮಗೆ ನಿಮಗೆ ಅನಿಸುತ್ತದೆ. ಹೈಕೋರ್ಟಿಗೂ ಹಾಗೇ ಅನಿಸಿತ್ತು. 2018ರ ಫೆಬ್ರವರಿ 6ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಮೋಟಾರು ವಾಹನ ಕಾಯಿದೆಯ ಪ್ರಕಾರ ಯಾರ ಹೆಸರಿನಲ್ಲಿ ನೋಂದಣಿ ಇದೆಯೋ ಅವರೇ ಮಾಲೀಕರು, ಗಾಯಗೊಂಡವರು ಮಾರಾಟದ ಸರಪಳಿ ಹಿಡಿದು ಒಬ್ಬೊಬ್ಬರನ್ನೇ ಹುಡುಕುತ್ತಾ ಹೋಗಬೇಕಾಗಿಲ್ಲ ಎಂದಿತು. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಎಂಬ ತೀರ್ಪು ಅದು. ಸಂತ್ರಸ್ತರ ದೃಷ್ಟಿಯಿಂದ ನೋಡಿದರೆ ನ್ಯಾಯವಾದದ್ದೇ. ಆದರೆ ಎರಡು ವರ್ಷದ ಹಿಂದೆ ಗಾಡಿ ಮಾರಿ ಮರೆತವರ ಸ್ಥಿತಿ ಯೋಚಿಸಿ.

2025ರ ನವೆಂಬರ್ 10ರಂದು ದೆಹಲಿಯ ಕೆಂಪುಕೋಟೆಯ ಬಳಿ ಸ್ಫೋಟವಾದ ಕಾರು ನಿಮಗೆ ನೆನಪಿರಬಹುದು. ಹರಿಯಾಣದ ನಂಬರಿನ ಗಾಡಿ. ಪೊಲೀಸರು ತನಿಖೆ ಶುರು ಮಾಡಿದ್ದು ದಾಖಲೆಯಲ್ಲಿದ್ದ ಹೆಸರಿನಿಂದ. ಆ ವ್ಯಕ್ತಿ ಅದನ್ನು ಮಾರಿ ಆಗಿತ್ತು, ಗಾಡಿ ಅಲ್ಲಿಂದ ಮುಂದೆ ಕೈ ಬದಲಾಗುತ್ತಾ ಹೋಗಿತ್ತು. ಕಾಗದದಲ್ಲಿ ಹೆಸರು ಉಳಿದವನ ಮನೆ ಬಾಗಿಲನ್ನೇ ಮೊದಲು ತಟ್ಟುತ್ತಾರೆ.

ಕಾನೂನು ಏನು ಮಾಡು ಎನ್ನುತ್ತದೆ? ಮೋಟಾರು ವಾಹನ ಕಾಯಿದೆಯ 50ನೇ ಕಲಮಿನಂತೆ, ಅದೇ ರಾಜ್ಯದೊಳಗೆ ಮಾರಿದ್ದರೆ 14 ದಿನದೊಳಗೆ, ಹೊರರಾಜ್ಯಕ್ಕೆ ಹೋದರೆ 45 ದಿನದೊಳಗೆ ಮಾರಿದವರು ಆರ್‌ಟಿಒಗೆ ತಿಳಿಸಬೇಕು. ಕೊಂಡವರಿಗೆ 30 ದಿನದ ಗಡುವು. ಆದರೆ ಡೀಲರು ಎಷ್ಟೋ ಸಲ ಇನ್ನೊಬ್ಬ ಗಿರಾಕಿ ಸಿಗುವವರೆಗೆ ತನ್ನ ಹೆಸರಿಗೆ ಮಾಡಿಸಿಕೊಳ್ಳದೆ ಕಾಯುತ್ತಾನೆ. ತನ್ನ ಹೆಸರು ನಡುವೆ ಸೇರಿದರೆ ಓನರುಗಳ ಸಂಖ್ಯೆ ಒಂದು ಏರಿ ಬೆಲೆ ಇಳಿಯುತ್ತದೆ ಎಂಬ ಭಯ ಅವನದು. ಅಷ್ಟು ದಿನ ಗಾಡಿ ಅವನ ಅಂಗಳದಲ್ಲಿ, ಹೆಸರು ನಿಮ್ಮದು.

ಈ ತೂತನ್ನು ಮುಚ್ಚಲೆಂದೇ ಕೇಂದ್ರ ಸಾರಿಗೆ ಸಚಿವಾಲಯ 2022ರ ಡಿಸೆಂಬರಿನಲ್ಲಿ ನಿಯಮ ತಿದ್ದಿತು, 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಹಳೆಯ ವಾಹನದ ವ್ಯಾಪಾರಿ ಆರ್‌ಟಿಒದಿಂದ ಐದು ವರ್ಷದ ಅಧಿಕೃತ ಪತ್ರ ಪಡೆಯಬೇಕು. ನೀವು ಗಾಡಿಯನ್ನು ಅಂಥ ಅಧಿಕೃತ ಡೀಲರಿಗೆ ಒಪ್ಪಿಸಿದಾಗ 29ಸಿ ಎಂಬ ನಮೂನೆಯಲ್ಲಿ ಪೋರ್ಟಲ್ ಮೂಲಕ ಸಾರಿಗೆ ಇಲಾಖೆಗೆ ತಿಳಿಸಬೇಕು. ಅಲ್ಲಿಂದ ಮುಂದೆ ಕಾನೂನಿನ ಕಣ್ಣಲ್ಲಿ ಆ ಡೀಲರೇ ಮಾಲೀಕನಿದ್ದಂತೆ, ಗಾಡಿಯ ಹೊಣೆಯೂ ಅವನದೇ. ಗಾಡಿಯನ್ನು ಅವನು ಸ್ವಂತಕ್ಕೆ ಓಡಿಸುವಂತಿಲ್ಲ, ಟ್ರಯಲ್, ರಿಪೇರಿಯಂಥ ಕೆಲಸಕ್ಕೆ ತೆಗೆದರೂ ಲೆಕ್ಕ ಬರೆದಿಡಬೇಕು. ಒಳ್ಳೆಯ ನಿಯಮ. ಕೇಡು ಏನೆಂದರೆ ಮಾರುವವರಲ್ಲಿ ಹೆಚ್ಚಿನವರಿಗೆ ಇದು ಗೊತ್ತೇ ಇಲ್ಲ, ಗೊತ್ತಿಲ್ಲದವರಿಗೆ ಹೇಳುವ ಗೋಜಿಗೆ ಎಲ್ಲ ವ್ಯಾಪಾರಿಗಳೂ ಹೋಗುವುದಿಲ್ಲ. ‘ನೀವು ಅಧಿಕೃತ ಡೀಲರೇ? 29ಸಿ ಹಾಕುತ್ತೀರಾ?’ ಎಂದು ಬೆಲೆ ಮಾತಾಡುವ ಮೊದಲೇ ಕೇಳಿ. ಆ ಪ್ರಶ್ನೆ ಕೇಳಿದ ಕೂಡಲೇ ಆ ಕಡೆಯ ದನಿ ಸ್ವಲ್ಪ ಬದಲಾಗುತ್ತದೆ, ಗಮನಿಸಿ ನೋಡಿ.

ಗಾಡಿ ಒಪ್ಪಿಸುವಾಗ ಡೆಲಿವರಿ ಚೀಟಿ ಬರೆಸಿಕೊಳ್ಳಿ. ದಿನಾಂಕ ಮಾತ್ರ ಸಾಲದು, ಗಂಟೆ ನಿಮಿಷವೂ ಇರಲಿ, ಕಿಲೋಮೀಟರ್ ರೀಡಿಂಗೂ ಇರಲಿ. ಬೆಂಗಳೂರಿನ ಸಿಗ್ನಲ್ ಕ್ಯಾಮೆರಾ ದಂಡ ಹಾಕುವಾಗ ನಿಮಿಷ ಸಮೇತ ಬರೆಯುತ್ತದೆ. ಮಧ್ಯಾಹ್ನ ಎರಡಕ್ಕೆ ಗಾಡಿ ಕೊಟ್ಟಿದ್ದರೆ ಎರಡೂವರೆಯ ಸಿಗ್ನಲ್ ಜಂಪ್ ನಿಮ್ಮದಲ್ಲ ಎಂದು ತೋರಿಸಲು ಆ ಚೀಟಿಯೇ ಆಧಾರ. ಹಣ ಪೂರ್ತಿ ಖಾತೆಗೆ ಬಂದಿರುವುದನ್ನು ನೋಡಿಕೊಂಡೇ ಕೀಲಿ ಕೊಡಿ. ತಡೆಹಿಡಿದ ಮೊತ್ತ ಇದ್ದರೆ ಎಷ್ಟು, ಯಾವ ಕಾರಣಕ್ಕೆ, ಯಾವ ದಿನ ಕೊಡುತ್ತಾರೆ ಎಂಬುದು ಕಾಗದದಲ್ಲಿರಲಿ. ಫಾಸ್ಟ್ಯಾಗ್ ಖಾತೆ ಅಂದೇ ಮುಚ್ಚಿಸಿ, ಇಲ್ಲವಾದರೆ ಯಾರದೋ ಮಂತ್ರಾಲಯ ಯಾತ್ರೆಯ ಟೋಲ್ ನಿಮ್ಮ ಖಾತೆಯಿಂದ ಹೋಗುತ್ತದೆ. ಇನ್ಶೂರೆನ್ಸ್ ವಿಷಯದಲ್ಲಿ ಅವಸರ ಬೇಡ. ಹೆಸರು ಬದಲಾದ ದಾಖಲೆ ಬರುವವರೆಗೆ ಪಾಲಿಸಿ ರದ್ದು ಮಾಡಬೇಡಿ. ಆದರೆ ನೋ ಕ್ಲೇಮ್ ಬೋನಸ್ ಗಾಡಿಯ ಸ್ವತ್ತಲ್ಲ, ನಿಮ್ಮ ಸ್ವತ್ತು. ಸತತ ಐದು ವರ್ಷ ಕ್ಲೇಮ್ ಮಾಡದಿದ್ದರೆ ಅದು 50 ಪರ್ಸೆಂಟ್ ವರೆಗೂ ಹೋಗುತ್ತದೆ. ವಿಮಾ ಕಂಪನಿಯಿಂದ ಪತ್ರ ಪಡೆದರೆ ಮೂರು ವರ್ಷದೊಳಗೆ ಹೊಸ ಕಾರಿಗೆ ಬಳಸಿಕೊಳ್ಳಬಹುದು. ಎಷ್ಟೋ ಜನ ಇದನ್ನು ಗಾಡಿಯ ಜೊತೆಗೇ ಬಿಟ್ಟುಬಿಡುತ್ತಾರೆ.

ವಿದೇಶಕ್ಕೆ ಹೊರಟ ನಮ್ಮ ಹುಡುಗ ಹುಡುಗಿಯರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ವೀಸಾ ಬಂದ ವಾರದಲ್ಲಿ ಮನೆ ಖಾಲಿ, ಸಾಮಾನು ಪ್ಯಾಕು, ಕಾರು ಮಾರಾಟ. ಸಿಕ್ಕ ಬೆಲೆಗೆ ಕೊಟ್ಟು, ತೋರಿಸಿದ ಕಡೆಯೆಲ್ಲ ಸಹಿ ಹಾಕಿ ವಿಮಾನ ಹತ್ತುತ್ತೀರಿ. ಆಮೇಲೆ ವರ್ಗಾವಣೆಗೆ ಒಟಿಪಿ ಬೇಕು ಎಂದು ಫೋನು ಮಾಡಿದರೆ ಇಲ್ಲಿನ ಸಿಮ್ ಮುಚ್ಚಿ ಹೋಗಿರುತ್ತದೆ. ಸಿಮ್ ಅನ್ನು ಅಪ್ಪನ ಹತ್ತಿರವೋ ಅಣ್ಣನ ಹತ್ತಿರವೋ ಚಾಲ್ತಿಯಲ್ಲಿಟ್ಟು ಹೋಗಿ. ಒಟಿಪಿ ಕೇಳಿದವರಿಗೆಲ್ಲ ಕೊಡಬೇಡಿ ಎಂದು ಅಪ್ಪನಿಗೂ ಹೇಳಿ ಹೋಗಿ. ಸಂದೇಶದಲ್ಲಿ ಯಾವ ಕೆಲಸಕ್ಕೆ ಎಂದು ಬರೆದಿರುತ್ತದೆ, ಓದಿ, ಮಾಲೀಕತ್ವ ವರ್ಗಾವಣೆ ಎಂದಿದ್ದರೆ ಮಾತ್ರ ಹೇಳಬೇಕು.

ಇಷ್ಟೆಲ್ಲ ಕೇಳಿದ ಮೇಲೆ ‘ಹಾಗಾದರೆ ಆನ್‌ಲೈನ್‌ನಲ್ಲಿ ಮಾರಬೇಕೋ ಬೇಡವೋ’ ಎಂದು ನೀವು ಕೇಳಬಹುದು. ಅವಸರ ಇದ್ದವರು, ಒಂಟಿಯಾಗಿ ಇರುವವರು, ಅಪರಿಚಿತರನ್ನು ಮನೆಗೆ ಸೇರಿಸಿಕೊಳ್ಳಲು ಅಂಜುವ ಹಿರಿಯರು ಮಾರಲಿ, ಅನುಕೂಲವೇ. ಪುರುಸೊತ್ತಿದ್ದು, ನಾಲ್ಕು ಜನ ಪರಿಚಯಸ್ಥರಿದ್ದು, ಗಾಡಿ ಚೆನ್ನಾಗಿದ್ದರೆ ನೇರವಾಗಿ ಇನ್ನೊಬ್ಬ ಮನೆಯವರಿಗೆ ಮಾರಿದಾಗ ಹೆಚ್ಚು ಹಣ ಸಿಗುತ್ತದೆ, ನಡುವಿನವರ ಪಾಲು ಉಳಿಯುತ್ತದಲ್ಲ. ನಮ್ಮ ಮೇಷ್ಟ್ರು ಎರಡು ಕಂಪನಿಗಳಿಗೆ ತೋರಿಸಿ, ಮಾರುತಿ ಷೋರೂಮಿನಲ್ಲೂ ಕೇಳಿ, ಎರಡನೆಯ ಕಂಪನಿಗೇ ಕೊಟ್ಟರು. ಮೊದಲಿನವರು ಹೇಳಿದ್ದಕ್ಕಿಂತ ಹೆಚ್ಚು ಸಿಕ್ಕಿತು. ಹೆಸರು ಬದಲಾದ ಸಂದೇಶ ಬರುವವರೆಗೆ ಪ್ರತಿ ಸೋಮವಾರ ಬೆಳಿಗ್ಗೆ ಆ ಕಂಪನಿಗೆ ಫೋನು ಮಾಡಿ, ಹಾಜರಿ ಕರೆದ ಹಾಗೆ ವಿಚಾರಿಸುತ್ತಿದ್ದರು. ಕಂಪನಿಯವರಿಗೆ ಬೇಸರ ಬಂದಿರಬೇಕು, ಕೆಲಸ ಮಾತ್ರ ಆಯಿತು.

ಕೊನೆಯದಾಗಿ, ಈಗ ಮಾರಲು ಹೊರಟವರಿಗಲ್ಲ, ಎಂದೋ ಮಾರಿ ಮರೆತವರಿಗೆ ನನ್ನ ಕೋರಿಕೆ. ಕಾರಾಗಲಿ, ಸ್ಕೂಟರಾಗಲಿ, ಹಳೆಯ ಗಾಡಿಯ ನಂಬರು ನೆನಪಿದ್ದರೆ ಪರಿವಾಹನ್ ಜಾಲತಾಣದಲ್ಲೋ ಎಂ-ಪರಿವಾಹನ್ ಆಪಿನಲ್ಲೋ ಹಾಕಿ ನೋಡಿ. ಮಾಲೀಕರ ಹೆಸರಿನ ಕೆಲವು ಅಕ್ಷರಗಳನ್ನು ಚುಕ್ಕೆ ಹಾಕಿ ಮರೆಸಿರುತ್ತಾರೆ, ಆದರೂ ನಿಮ್ಮ ಹೆಸರು ನಿಮಗೆ ಗುರುತು ಸಿಗುತ್ತದೆ. ಅದು ಇನ್ನೂ ನಿಮ್ಮದೇ ಆಗಿದ್ದರೆ, ಮಾರಿದ ಕಾಗದ, ಹಣ ಬಂದ ಬ್ಯಾಂಕ್ ದಾಖಲೆ ಹುಡುಕಿ ತೆಗೆದುಕೊಂಡು ಆ ಗಾಡಿ ನೋಂದಣಿಯಾದ ಆರ್‌ಟಿಒ ಕಚೇರಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ. ಈ ವಾರವೇ ಮಾಡಿ.